ಸನ್ಯಾಸಿಗಳು ತೋಡಿಸಿದ ಕಾಲುವೆ

ಓದತಕ್ಕ ಭಾಗ: ಯೋಹಾನನ ಸುವಾರ್ತೆ, 4ನೆಯ ಅಧ್ಯಾಯ, 1ರಿಂದ 42ರ ವರೆಗಿನ ವಚನಗಳು.



ನಮ್ಮ ಕರ್ತನಾದ ಯೇಸು ಕ್ರಿಸ್ತನು ಯೂದಾಯವನ್ನು ಬಿಟ್ಟು ಗಲಿಲಾಯಕ್ಕೆ ಹೋಗುವಾಗ, ಸಮಾರ್ಯ ಸೀಮೆಯ ಒಂದು ಊರಿನ ಹೊರಗೆ ಬಾವಿಯ ಬಳಿಯಲ್ಲಿ ದಣಿದು ಕೂತುಕೊಂಡನೆಂಬುದನ್ನು ನೀವು ಬಲ್ಲಿರಿ. ಆ ಬಾವಿಯು ಪಿತೃವಾದ ಯಾಕೋಬನ ಕಾಲದಿಂದ ಬಂದದ್ದು. ಅದರ ನೀರನ್ನು ಸೇದುತ್ತಿದ್ದವರು ಸಮಾರ್ಯದವರು. ಅವರಿಗೂ ಯೆಹೂದ್ಯರಿಗೂ ಕೊಡುಕೊಳ್ಳುವ ಬಳಕೆಯೇ ಇರಲಿಲ್ಲ. ಹೀಗಿದ್ದರೂ ಕರ್ತನು ಆ ಊರಿನ ಒಬ್ಬ ಹೆಂಗಸನ್ನು ಕುಡಿಯುವುದಕ್ಕೆ ನೀರು ಕೇಳಿದನು. ಅದೇ ದಿವಸ, ಅದೇ ಬಾವಿಯ ಬಳಿಯಲ್ಲಿ, ಆತನು ತನ್ನ ಶಿಷ್ಯರ ಸಂಗಡ ಬಿತ್ತನೆ ಕೊಯ್ಲುಗಳ ವಿಷಯವಾಗಿ ಮಾತಾಡಿ, ಬೇರೆಯವರು ಬೆವರು ಸುರಿಸಿದ ಹೊಲಕ್ಕೆ ತಾವು ಕೊಯ್ಲಿನ ಹೊತ್ತಿನಲ್ಲಿ ಬಂದವರಾಗಿದ್ದಾರೆಂದು ಅವರಿಗೆ ತಿಳಿಯಪಡಿಸಿದನು. ಈ ಎರಡು ಸಂಗತಿಗಳೂ ಒಂದೇ ಅಧ್ಯಾಯದಲ್ಲಿ ಕೂಡಿರುವುದನ್ನು ನಾವು ಬಹುಕಾಲ ಲಕ್ಷ್ಯವಿಟ್ಟು ನೋಡಿರಲಿಲ್ಲ. ಅದನ್ನು ನೋಡುವಂತೆ ಮಾಡಿದ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇವೆ. ಅದರಲ್ಲಿ ನಮ್ಮ ತಪ್ಪೂ ಇರುವದರಿಂದ ಅದನ್ನು ಮರೆಮಾಡದೆ ಬರೆಯುತ್ತೇವೆ.

ಕಳೆದ ಬೇಸಗೆಯಲ್ಲಿ ಹಳಿಯಾಳ ತಾಲೂಕಿನ ಒಂದು ಚಿಕ್ಕ ಸಭೆಯನ್ನು ಸಂದರ್ಶಿಸುವುದಕ್ಕೆ ಹೋಗಿದ್ದೆವು. ಅಲ್ಲಿಯ ಪ್ರಾರ್ಥನಾಮಂದಿರದ ಅಂಗಳದಲ್ಲಿ ಒಂದು ಹಳೆಯ ಬಾವಿ ಉಂಟು. ಊರಿನ ಕೆರೆ ಬತ್ತಿಹೋದ ಮೇಲೆಯೂ ಅದರಲ್ಲಿ ನಾಲ್ಕು ಮೊಳ ನೀರು ನಿಲ್ಲುತ್ತದೆ. ಆದಕಾರಣ ಬೇಸಗೆಯಲ್ಲಿ ಕೊಡ ಹೊತ್ತುಕೊಂಡು ಬರುವವರು ನಮ್ಮ ಸಭೆಯವರು ಮಾತ್ರವಲ್ಲ. ಕಾಡಂಚಿನ ಕೇರಿಯಿಂದ ಸಿದ್ದಿ ಜನರೂ ಬರುತ್ತಾರೆ. ಆ ಸೀಮೆಯ ಸಿದ್ದಿಗಳಲ್ಲಿ ಅನೇಕರು ರೋಮನ್ ಕಥೋಲಿಕ ಸಭೆಗೆ ಸೇರಿದವರೆಂಬುದು ನಿಮಗೆ ಗೊತ್ತು. ನಾವು ಹೋದಾಗ ಬಾವಿಯ ಗಡಗಡೆ ಬಿಚ್ಚಲ್ಪಟ್ಟಿತ್ತು. ಹಗ್ಗವನ್ನು ಮಂದಿರದೊಳಗೆ ಇಟ್ಟು ಬೀಗ ಹಾಕಿದ್ದರು. ನೀರು ಕಡಿಮೆಯಾಗಿದೆ, ಸಭೆಯವರಿಗೆ ಮೊದಲು ಸಾಕಾಗಲಿ ಎಂದು ಹಿರಿಯರು ಹೇಳಿದರು. ಅದರಲ್ಲಿ ನ್ಯಾಯ ಉಂಟೆಂದು ನಾವೂ ತಲೆದೂಗಿದೆವು. ಆಗ ಒಬ್ಬ ಹಿರಿಯನು, “ಅಯ್ಯನವರೇ, ಅವರ ಸಭೆ ಸನ್ಯಾಸಿಗಳಿಂದ ಬಂದದ್ದು, ನಮ್ಮದು ಸತ್ಯವೇದದಿಂದ ಬಂದದ್ದು. ಅವರಿಗೂ ನಮಗೂ ಏನು?” ಎಂದನು. ಈ ಮಾತಿಗೂ ನಾವು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ಒಪ್ಪಿದ ಹಾಗೆಯೇ ಆಯಿತು.

ಆ ರಾತ್ರಿ ನಮ್ಮನ್ನು ಊಟಕ್ಕೆ ಕರೆದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಆಕೆ ಆ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು. ಅನ್ನ ಬಡಿಸಿದ ಮೇಲೆ ಆಕೆ ಮೆಲ್ಲಗೆ, “ಅಯ್ಯನವರೇ, ಆ ಬಾವಿಯನ್ನು ಯಾರು ತೋಡಿದರೆಂದು ಬಲ್ಲಿರಾ?” ಎಂದು ಕೇಳಿದಳು. ಅರಿಯೆವೆಂದೆವು. “ಮಂದಿರ ಕಟ್ಟುವದಕ್ಕೆ ಮುಂಚೆ ಅದು ಹೊಲ. ಬಂಡೆ ಒಡೆದು ನೀರು ಕಂಡವರು ಸಿದ್ದಿ ಕೂಲಿಗಳು. ಈಗ ಬರಿಗೊಡ ಹೊತ್ತು ತಿರುಗಿ ಹೋಗುವವರು ಅವರ ಮೊಮ್ಮಕ್ಕಳು. ನಾನು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೇನೆ” ಎಂದಳು. ನಮಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಪ್ರಿಯರೇ, ಆ ಹಿರಿಯನ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಮ್ಮ ಸಭೆ ಸತ್ಯವೇದದಿಂದ ಬಂದದ್ದು ನಿಜ. ಆದರೆ ಆ ಸತ್ಯವೇದವು ನಮ್ಮ ಕೈಗೆ ಯಾವ ದಾರಿಯಿಂದ ಬಂತು? ಆ ದಾರಿಯಲ್ಲಿ ಸನ್ಯಾಸಿಗಳು ಯಾರೂ ಇರಲಿಲ್ಲವೋ? ಸೆಮಿನರಿಯಲ್ಲಿ ಓದಿದ ಸಭಾಚರಿತ್ರೆಯನ್ನು ನಾವು ತಿರುಗಿ ತೆಗೆದು ನೋಡಿದೆವು. ಆಗ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ನಮ್ಮ ಹಳೆಯ ಮಿಷನಿನ ತವರನ್ನು ನೋಡೋಣ. ಧಾರವಾಡ ಹುಬ್ಬಳ್ಳಿಗಳ ಕಡೆಗೆ ಸುವಾರ್ತೆಯನ್ನು ತಂದ ಮಿಷನರಿಗಳು ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಪಟ್ಟಣದಿಂದ ಬಂದವರು. ಆ ಮಿಷನ್ 1815ರಲ್ಲಿ ಅಲ್ಲಿ ಹುಟ್ಟಿತು. ಅದರ ಮೊದಲಿನ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬವರು, 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸ ಆರಂಭವಾಯಿತು.

ಈ ಬಾಸೆಲ್ ಪಟ್ಟಣದಲ್ಲಿ, ರೈನ್ ನದಿಯ ದಂಡೆಯ ಮೇಲೆ, ಸಂತ ಆಲ್ಬಾನನ ಹೆಸರಿನ ಒಂದು ಹಳೆಯ ದೇವಾಲಯ ಉಂಟು. ಅದು ಮೊದಲು ಸಭೆಯ ದೇವಾಲಯವಾಗಿ ಹುಟ್ಟಿದ್ದಲ್ಲ, ಸನ್ಯಾಸಿಗಳ ಮಠವಾಗಿ ಹುಟ್ಟಿತು. 1083ರಲ್ಲಿ ಬುರ್ಖಾರ್ಡ್ ಎಂಬ ಬಿಷಪನು ಅದನ್ನು ಸ್ಥಾಪಿಸಿದನು. ಆ ಪಟ್ಟಣದಲ್ಲಿ ಅದಕ್ಕಿಂತ ಹಳೆಯ ಮಠವಿಲ್ಲ. ಅಲ್ಲಿದ್ದವರು ಬೆನೆದಿಕ್ತನ ನಿಯಮವನ್ನು ಅನುಸರಿಸುತ್ತಿದ್ದ ಕ್ಲೂನಿ ಎಂಬ ಮಠಕ್ಕೆ ಸೇರಿದ ಸನ್ಯಾಸಿಗಳು. ಹಗಲಿರುಳು ಗೊತ್ತುಮಾಡಿದ ಹೊತ್ತುಗಳಲ್ಲಿ ಕೀರ್ತನೆಗಳನ್ನು ಹಾಡುವುದೂ ದೇವರ ವಾಕ್ಯವನ್ನು ಓದುವುದೂ ಅವರ ಮುಖ್ಯ ಕೆಲಸ. ಬರಬರುತ್ತಾ ಸುತ್ತಲಿನ ಬಡಗಿ, ಗಿರಣಿಯವ, ಬೆಸ್ತ ಮೊದಲಾದವರ ಮನೆಗಳಿಗೂ ಆ ದೇವಾಲಯವೇ ಸಭಾಸ್ಥಾನವಾಯಿತು. 1356ರ ದೊಡ್ಡ ಭೂಕಂಪದಲ್ಲಿ ಬಾಸೆಲ್ ಪಟ್ಟಣ ಬಹಳವಾಗಿ ಕೆಟ್ಟುಹೋದಾಗ ಈ ದೇವಾಲಯಕ್ಕೂ ಹಾನಿಯಾಯಿತು. ಅದನ್ನು ಪುನಃ ಕಟ್ಟಿದರು.

ಆ ಸನ್ಯಾಸಿಗಳು ಮಾಡಿಸಿದ ಒಂದು ಕೆಲಸವನ್ನು ವಿಶೇಷವಾಗಿ ನೆನಪಿನಲ್ಲಿಡಿರಿ. 12ನೆಯ ಶತಮಾನದಲ್ಲಿ ಅವರು ಬಿರ್ಸ್ ಎಂಬ ಸಣ್ಣ ಹೊಳೆಯಿಂದ ತಮ್ಮ ಮಠದ ಕೆಳಗಿನ ತಗ್ಗಿಗೆ ಒಂದು ಕಾಲುವೆಯನ್ನು ತೋಡಿಸಿದರು. ಆ ನೀರಿನ ಬಲದಿಂದ ಚಕ್ರಗಳು ತಿರುಗಿ, ಧಾನ್ಯ ಬೀಸುವ ಗಿರಣಿಗಳು ನಡೆದವು. ರೊಟ್ಟಿಗೆ ಹಿಟ್ಟು ಬೇಕೆಂದೇ ಅವರು ಅದನ್ನು ತೋಡಿಸಿದ್ದು. ಆ ನೀರಿನಿಂದ ಮುಂದೆ ಏನಾಗುವದೆಂದು ಅವರಲ್ಲಿ ಯಾರೂ ಅರಿತಿರಲಿಲ್ಲ.

ಸುಮಾರು ಮುನ್ನೂರು ವರುಷಗಳಾದ ಮೇಲೆ, 15ನೆಯ ಶತಮಾನದಲ್ಲಿ, ಅದೇ ಕಾಲುವೆಯ ಗಿರಣಿಗಳು ಕಾಗದದ ಗಿರಣಿಗಳಾಗಿ ಮಾರ್ಪಟ್ಟವು. ದಾಂಡೇಲಿಯಲ್ಲಿರುವ ನಮ್ಮ ಸಹೋದರರಿಗೆ ಈ ಕೆಲಸವನ್ನು ವಿವರಿಸಬೇಕಾದದ್ದಿಲ್ಲ. ಅಲ್ಲಿ ಕಾಳೀ ನದಿಯ ದಂಡೆಯ ಮೇಲೆ 1955ರಲ್ಲಿ ಸ್ಥಾಪಿತವಾದ ಕಂಪನಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ಮನೆ ನಡಿಸಿದವರು ನಮ್ಮಲ್ಲಿಯೂ ಇದ್ದಾರೆ. ನೀರಿಲ್ಲದೆ ಕಾಗದವಿಲ್ಲವೆಂದು ಅವರು ಬಲ್ಲರು. ದಾಂಡೇಲಿಯಲ್ಲಿ ಬಿದಿರನ್ನೂ ಮರವನ್ನೂ ಬೇಯಿಸಿ ಹಿಂಡಿ ಕಾಗದ ಮಾಡಿದರೆ, ಅಂದಿನ ಬಾಸೆಲಿನಲ್ಲಿ ಹರಕು ಬಟ್ಟೆಗಳನ್ನು ಕೂಡಿಸಿ ಕೊಳೆಸುತ್ತಿದ್ದರು. ಕಾಲುವೆಯ ನೀರು ಚಕ್ರವನ್ನು ತಿರುಗಿಸಿ ದೊಡ್ಡ ಮರದ ಕೊಡತಿಗಳನ್ನು ಎತ್ತಿ ಹಾಕುವುದು. ಅವು ಆ ಚಿಂದಿಗಳನ್ನು ಕುಟ್ಟಿ ಕುಟ್ಟಿ ಗಂಜಿಯಂತೆ ಮಾಡುವವು. ಕೆಲಸದವನು ತಂತಿಯ ಜರಡಿಯನ್ನು ಆ ಗಂಜಿಯಲ್ಲಿ ಅದ್ದಿ ಎತ್ತಿದರೆ ನೀರು ಸೋರಿ ತೆಳ್ಳಗಿನ ಹಾಳೆ ನಿಲ್ಲುವುದು. ಅದನ್ನು ಒತ್ತಿ, ಮೇಲಟ್ಟದಲ್ಲಿ ಹಗ್ಗದ ಮೇಲೆ ಹಾಕಿ ಒಣಗಿಸುವರು. ಹೀಗೆ ಒಂದೊಂದಾಗಿ ಮಾಡಿದ ಹಾಳೆಗಳು ಬಾಸೆಲಿನ ಅಚ್ಚುಕೂಟಗಳಿಗೆ ಹೋದವು.

ಆ ಅಚ್ಚುಕೂಟಗಳಿಂದ ಏನು ಹೊರಟಿತು? 1516ರಲ್ಲಿ ಬಾಸೆಲಿನ ಫ್ರೋಬೆನ್ ಎಂಬ ಮುದ್ರಕನು ಎರಾಸ್ಮಸ್ ಪಂಡಿತನು ಸಿದ್ಧಮಾಡಿದ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚುಮಾಡಿ ಪ್ರಕಟಿಸಿದನು. ಅದಕ್ಕೆ ಮುಂಚೆ ಗ್ರೀಕ್ ಹೊಸ ಒಡಂಬಡಿಕೆಯು ಅಚ್ಚಿನಲ್ಲಿ ಮಾರಾಟಕ್ಕೆ ಬಂದದ್ದಿಲ್ಲ. ಅದರ ಎರಡನೆಯ ಮುದ್ರಣವು 1519ರಲ್ಲಿ ಹೊರಟಿತು. ಆ ಪುಸ್ತಕವನ್ನು ಮುಂದಿಟ್ಟುಕೊಂಡು ಮಾರ್ಟಿನ್ ಲೂಥರನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಿರುಗಿಸಿದನು. ಅದು 1522ರಲ್ಲಿ ಪ್ರಕಟವಾಗಿ, ನೇಗಿಲು ಹಿಡಿದವನೂ ಅಂಗಡಿಯವನೂ ಸುವಾರ್ತೆಯನ್ನು ತನ್ನ ಮನೆಮಾತಿನಲ್ಲಿ ಓದುವಂತಾಯಿತು. ಈ ಲೂಥರನು ಯಾರು? 1505ರಲ್ಲಿ ಎರ್ಫುರ್ಟ್ ಪಟ್ಟಣದ ಮಠವನ್ನು ಸೇರಿ, ಅಗಸ್ಟೀನನ ಹೆಸರಿನ ಪಂಗಡದಲ್ಲಿ ಸನ್ಯಾಸಿಯಾಗಿದ್ದವನು. ಬಾಸೆಲಿನಲ್ಲಿ ಮತಸುಧಾರಣೆಯ ಮುಂದಾಳಾದ ಎಕೊಲಂಪಾಡಿಯಸನು ಯಾರು? ಆತನೂ 1520ರಿಂದ 1522ರ ವರೆಗೆ ಮಠದಲ್ಲಿ ವಾಸಿಸಿದವನೇ.

1529ರಲ್ಲಿ ಬಾಸೆಲ್ ಪಟ್ಟಣವು ಮತಸುಧಾರಣೆಯನ್ನು ಅಂಗೀಕರಿಸಿತು. ಮಠಗಳು ಮುಚ್ಚಲ್ಪಟ್ಟವು. ಸಂತ ಆಲ್ಬಾನನ ಮಠವೂ ಮುಗಿಯಿತು. ಆದರೆ ಅದರ ದೇವಾಲಯವನ್ನು ಕೆಡವಲಿಲ್ಲ; ಸನ್ಯಾಸಿಗಳು ಲತೀನಿನಲ್ಲಿ ಹಾಡಿದ ಅದೇ ಗೋಡೆಗಳೊಳಗೆ ಸಾಮಾನ್ಯ ಜನರು ತಮ್ಮ ಭಾಷೆಯಲ್ಲಿ ದೇವರ ವಾಕ್ಯವನ್ನು ಕೇಳಿದರು. ಸನ್ಯಾಸಿಗಳು ನಡೆದಾಡಿದ ಹಳೆಯ ಕಲ್ಲುಕಮಾನುಗಳ ಒಂದು ಭಾಗವು ಇಂದಿಗೂ ಅಲ್ಲಿ ನಿಂತಿದೆ. ಕಾಲುವೆಯೂ ಹರಿಯುತ್ತಲೇ ಇದೆ. ಅದರ ದಡದ ಒಂದು ಹಳೆಯ ಗಿರಣಿಯನ್ನು 1980ರಿಂದ ಕಾಗದದ ವಸ್ತುಸಂಗ್ರಹಾಲಯವನ್ನಾಗಿ ಮಾಡಿ, ಹಳೆಯ ರೀತಿಯಲ್ಲಿ ಹಾಳೆ ಮಾಡುವುದನ್ನು ಬಂದವರಿಗೆ ತೋರಿಸುತ್ತಾರೆ.

ಇದೇ ಪಟ್ಟಣದಿಂದ ಮಿಷನರಿಗಳು ನಮ್ಮಲ್ಲಿಗೆ ಹೊರಟುಬಂದರು. ಅವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. 1843ರಲ್ಲಿ ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಅದೇ ಮೊದಲನೆಯ ವೃತ್ತಪತ್ರಿಕೆ. 1894ರಲ್ಲಿ ಕಿಟ್ಟೆಲರ ದೊಡ್ಡ ನಿಘಂಟು ಅದೇ ಅಚ್ಚುಕೂಟದಲ್ಲಿ ಮುದ್ರಿತವಾಯಿತು. ಕನ್ನಡ ಸತ್ಯವೇದಕ್ಕಾಗಿ ಮೊದಲು ಬಳ್ಳಾರಿಯಲ್ಲಿ ಪ್ರಯಾಸಪಟ್ಟವರು ಲಂಡನ್ ಮಿಷನಿನ ಜಾನ್ ಹ್ಯಾಂಡ್ಸರು. ಅವರು ಬಿತ್ತಿದ ಹೊಲದಲ್ಲಿ ಬಾಸೆಲಿನ ವೈಗ್ಲೆ ಮೊದಲಾದವರು ಬಂದು ಮತ್ತೆ ದುಡಿದರು. ಅಲ್ಲಿಯೂ ಒಬ್ಬನು ಬಿತ್ತಿದನು, ಇನ್ನೊಬ್ಬನು ಕೊಯ್ದನು.

ಆದುದರಿಂದ, ಪ್ರಿಯರೇ, ನಮ್ಮ ಸಭೆ ಸತ್ಯವೇದದಿಂದ ಬಂತು, ಸನ್ಯಾಸಿಗಳಿಂದ ಬರಲಿಲ್ಲ ಎಂದು ಹೆಚ್ಚಳಪಡುವವನು ಆ ಸತ್ಯವೇದದ ಹಾಳೆಯನ್ನು ಹಿಡಿದು ಹೊಳೆಯ ಮೇಲ್ಗಡೆಗೆ ನಡೆಯಲಿ. ನಡೆದರೆ ಕೊನೆಗೆ ಮಠದ ಬಾಗಲಲ್ಲಿಯೇ ಹೋಗಿ ನಿಲ್ಲುವನು.

ಎರಡನೆಯದಾಗಿ, ಮಠಗಳ ದೋಷವನ್ನು ನಾವು ಮುಚ್ಚಬಾರದು. ಅವು ಐಶ್ವರ್ಯದಿಂದ ಕೊಬ್ಬಿದ ಕಾಲವೂ ಉಂಟು. ಮನುಷ್ಯನು ತನ್ನ ಕ್ರಿಯೆಗಳಿಂದ ನೀತಿವಂತನಾಗಬಹುದೆಂಬ ಬೋಧನೆಯು ಅನೇಕರ ಹೃದಯಕ್ಕೆ ಭಾರವಾದ ನೊಗವಾಯಿತು. ಲೂಥರನು ಉಪವಾಸದಿಂದಲೂ ಜಾಗರಣೆಯಿಂದಲೂ ದೇಹವನ್ನು ದಂಡಿಸಿ ಸಮಾಧಾನ ಕಾಣದೆ, ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದಿ, ನಂಬಿಕೆಯಿಂದಲೇ ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವನೆಂದು ಕಂಡುಕೊಂಡನು. ಇದನ್ನು ನಾವು ಎಂದಿಗೂ ಬಿಟ್ಟುಕೊಡಲಾರೆವು. ಆದರೆ ಆತನು ಆ ಪತ್ರಿಕೆಯನ್ನು ಓದಿದ್ದು ಎಲ್ಲಿ? ಸನ್ಯಾಸಿಯಾಗಿಯೇ ಇದ್ದು ಓದಿದನು. ಕೆಟ್ಟ ಕಾಲದಲ್ಲಿಯೂ ಮಠಗಳಲ್ಲಿ ಸತ್ಯವೇದದ ಪ್ರತಿಗಳು ಇದ್ದವು. ಅಚ್ಚು ಇಲ್ಲದ ಕಾಲದಲ್ಲಿ ಅವುಗಳನ್ನು ಕೈಯಿಂದ ಬರೆದು ಕಾಪಾಡಿದವರಲ್ಲಿ ಸನ್ಯಾಸಿಗಳು ಮುಖ್ಯರು. ದೇವರು ಒಣಗಿದ ಮರದಲ್ಲಿಯೂ ಬೇರನ್ನು ಜೀವದಿಂದ ಉಳಿಸಿದನು.

ನಮ್ಮ ಕನ್ನಡ ಸೀಮೆಯಲ್ಲಿಯೂ ಮಠದಿಂದ ಹುಟ್ಟಿದ ಕ್ರೈಸ್ತ ದೇವಾಲಯಗಳುಂಟು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಜೊತೆಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳು ಮಂಗಳೂರಿನ ಕರಾವಳಿಗೆ ಬಂದರು. 1623ರಲ್ಲಿ ಅಲ್ಲಿಗೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ತಾನು ಕಂಡ ದೇವಾಲಯಗಳಲ್ಲಿ ಸಂತ ಫ್ರಾನ್ಸಿಸನ ಹೆಸರಿನದೊಂದನ್ನು ಹೇಳಿದ್ದಾನೆ. ನೇತ್ರಾವತೀ ನದಿಯ ಬಳಿಯ ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೊ ದೇವಾಲಯದ ಮೂಲವನ್ನೂ ಆ ಸನ್ಯಾಸಿಗಳಿಗೇ ಹೇಳುತ್ತಾರೆ. ಫ್ರಾನ್ಸಿಸನ ನಿಯಮದಲ್ಲಿಯೇ ನಡೆಯುವ ಕಪುಚಿನ್ ಸನ್ಯಾಸಿಗಳು ಈಗ ಅಲ್ಲಿ ವಾಸಿಸುತ್ತಾರೆ. ನಮ್ಮ ಮಿಷನರಿಗಳು 1834ರಲ್ಲಿ ಮಂಗಳೂರಿನಲ್ಲಿ ಇಳಿದಾಗ ಯೇಸುವಿನ ಹೆಸರು ಆ ಊರಿಗೆ ಹೊಸದಾಗಿರಲಿಲ್ಲ. ಇದನ್ನು ಒಪ್ಪಿಕೊಂಡರೆ ನಮ್ಮ ಮಾನವೇನೂ ಕಡಿಮೆಯಾಗದು.

ಮೂರನೆಯದಾಗಿ, ಗೋಡೆಗಳ ವಿಷಯವಾಗಿ ಒಂದು ಮಾತು. ನಮ್ಮ ಜನರು ಅನೇಕ ಸಾರಿ, ನಮ್ಮ ಮಂದಿರ ಚಿಕ್ಕದು, ನಿನ್ನೆ ಮೊನ್ನೆಯದು, ನಮಗೆ ಪೂರ್ವಿಕರಿಲ್ಲ ಎಂದು ನಾಚಿಕೊಳ್ಳುತ್ತಾರೆ. ಸುತ್ತಲೂ ಸೋದೆ, ಸ್ವರ್ಣವಲ್ಲಿ ಮೊದಲಾದ ಹಳೆಯ ಮಠಗಳನ್ನು ನೋಡುವವರಿಗೆ ಈ ನಾಚಿಕೆ ಬರುವುದು ಸಹಜ. ಆದರೆ ಜೋಯಿಡಾ ತಾಲೂಕಿನವರನ್ನು ಕೇಳಿರಿ. ಕಾಳೀ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಹಳೆಯ ಸೂಪಾ ಊರು ಅದರ ನೀರಿನಡಿಯಲ್ಲಿ ಮುಳುಗಿತು. ಮನೆ, ಪೇಟೆ, ಕಚೇರಿ ಎಲ್ಲವೂ ಹೋದವು. ಕಲ್ಲಿನ ಗೋಡೆಯ ಮೇಲೆ ಭರವಸವಿಡುವವನಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಡ. ಮುಂಡಗೋಡದವರು ಇದರ ಮತ್ತೊಂದು ಪಕ್ಕವನ್ನು ದಿನಾಲೂ ನೋಡುತ್ತಾರೆ. ಟಿಬೆಟಿನಲ್ಲಿ 1409ರಲ್ಲಿ ಗಾಂದೆನ್ ಎಂಬ ಮಠವೂ 1416ರಲ್ಲಿ ದ್ರೆಪುಂಗ್ ಎಂಬ ಮಠವೂ ಸ್ಥಾಪಿತವಾದವು. 1959ರಲ್ಲಿ ಅಲ್ಲಿಯ ಜನರು ದೇಶಬಿಟ್ಟು ಓಡಬೇಕಾಯಿತು. 1966ರಲ್ಲಿ ಮುಂಡಗೋಡದ ಹತ್ತಿರ ಅವರಿಗೆ ವಸತಿಯಾಯಿತು. ತರುವಾಯ ಅದೇ ಹೆಸರಿನ ಮಠಗಳು ಇಲ್ಲಿಯ ಜೋಳದ ಹೊಲಗಳ ನಡುವೆ ಎದ್ದವು. ಅವರ ಮತವು ನಮ್ಮದಲ್ಲ. ಅವರು ಅರಸುವ ದಾರಿಯೂ ನಮ್ಮದಲ್ಲ. ಆದರೂ ಗೋಡೆಯನ್ನು ಕಳೆದುಕೊಂಡ ಜನರು ತಮ್ಮ ಪಾಠವನ್ನೂ ನಿಯಮವನ್ನೂ ಬಿಡದೆ ಪರದೇಶಕ್ಕೆ ಹೊತ್ತುಕೊಂಡು ಬಂದದ್ದನ್ನು ನೋಡಿ, ಭಾನುವಾರದ ಆರಾಧನೆಗೆ ಅರ್ಧ ಮೈಲು ನಡೆಯಲು ಬೇಸರಪಡುವ ನಾವು ತಲೆತಗ್ಗಿಸಬೇಕಲ್ಲವೇ?

ಹೀಗಿರಲಾಗಿ ಸಭೆಯ ಹಳಮೆ ಯಾವುದರಲ್ಲಿದೆ? ನಮ್ಮ ಪೂರ್ವಿಕರು ನಂಬಿಕೆಯಿಂದ ದುಡಿದವರೆಲ್ಲರೂ ಆಗಿದ್ದಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅವರ ಪಟ್ಟಿಯನ್ನು ಓದಿರಿ. ಅಬ್ರಹಾಮನಿಗೆ ಕಲ್ಲಿನ ದೇವಾಲಯವಿರಲಿಲ್ಲ, ಗುಡಾರವಿತ್ತು. ಆತನು ಬಾವಿಗಳನ್ನು ತೋಡಿದನು. ಫಿಲಿಷ್ಟಿಯರು ಅವುಗಳಲ್ಲಿ ಮಣ್ಣು ಹಾಕಿ ಮುಚ್ಚಿದರು. ಇಸಾಕನು ಅವುಗಳನ್ನು ತಿರುಗಿ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟನೆಂದು ಆದಿಕಾಂಡದ 26ನೆಯ ಅಧ್ಯಾಯವು ಹೇಳುತ್ತದೆ. ಬಾವಿ ತೋಡುವವನೂ ಉಂಟು, ಬಾವಿ ಮುಚ್ಚುವವನೂ ಉಂಟು. ನಾವು ಇವರಲ್ಲಿ ಯಾರ ಮಕ್ಕಳೆಂದು ನಮ್ಮನ್ನು ಕೇಳಿಕೊಳ್ಳಬೇಕು. ಹಗ್ಗವನ್ನು ಒಳಗಿಟ್ಟು ಬೀಗ ಹಾಕುವುದು ಬಾವಿಗೆ ಮಣ್ಣು ಹಾಕುವದಕ್ಕಿಂತ ಬಹಳ ದೂರವಾದ ಕೆಲಸವಲ್ಲ.

ಈಗ ಆ ಹಳ್ಳಿಯ ಸಂಗತಿಯನ್ನು ಮುಗಿಸುತ್ತೇವೆ. ಮರುದಿವಸ ಭಾನುವಾರವಾಗಿತ್ತು. ನಾವು ಸಿದ್ಧಮಾಡಿಕೊಂಡಿದ್ದ ಪ್ರಸಂಗವನ್ನು ಬಿಟ್ಟು ಯೋಹಾನನ 4ನೆಯ ಅಧ್ಯಾಯವನ್ನು ಓದಿದೆವು. ಹಿಂದಿನ ದಿವಸ ತಲೆದೂಗಿದ ನಮ್ಮ ತಪ್ಪನ್ನು ಸಭೆಯ ಮುಂದೆ ಅರಿಕೆಮಾಡಿದೆವು. ನೀರು ಕಡಿಮೆಯಾಗಿದ್ದದ್ದು ಸುಳ್ಳಲ್ಲ. ಆದಕಾರಣ ಎಲ್ಲಾ ಮನೆಗಳಿಗೂ, ಸಿದ್ದಿಗಳ ಕೇರಿಗೂ, ದಿನಕ್ಕೆ ಇಷ್ಟಿಷ್ಟು ಕೊಡವೆಂದು ಸಮನಾಗಿ ಗೊತ್ತುಮಾಡಬೇಕೆಂದು ಕೇಳಿಕೊಂಡೆವು. ಆರಾಧನೆಯಾದ ಮೇಲೆ ಬಹಳ ಹೊತ್ತು ವಾದ ನಡೆಯಿತು. ಸಾಯಂಕಾಲ ಇಬ್ಬರು ಯೌವನಸ್ಥರು ಗಡಗಡೆಯನ್ನು ತಿರುಗಿ ಕಟ್ಟಿದರು. ಆ ಹಿರಿಯನು ಮಾತ್ರ ಸಿಟ್ಟಿನಿಂದ ಮನೆಗೆ ಹೋದನು. ಮಳೆಗಾಲ ಬಂದು ಬಾವಿ ತುಂಬಿದ ಮೇಲೂ ಆತನು ಕೆಲವು ವಾರ ಆರಾಧನೆಗೆ ಬರಲಿಲ್ಲವೆಂದು ಕೇಳಿದೆವು. ನಾವು ಆತನ ಮನೆಗೆ ಎರಡು ಸಾರಿ ಹೋಗಿಬಂದೆವು, ಇನ್ನೂ ಹೋಗಬೇಕಾಗಿದೆ. ಆತನಿಗಾಗಿ ಪ್ರಾರ್ಥಿಸಿರಿ. ಯಾಕಂದರೆ ಆತನು ಹೇಳಿದ್ದನ್ನು ಮೌನದಿಂದ ಒಪ್ಪಿದ ನಾವು ಆತನಿಗಿಂತ ಒಳ್ಳೆಯವರಲ್ಲ.

ಪ್ರಿಯ ವಾಚಕರೇ, ನಿಮ್ಮ ಊರಿನಲ್ಲಿಯೂ ಇಂಥ ಬಾವಿಯೊಂದು ಇರಬಹುದು. ಅದು ನೀರಿನ ಬಾವಿಯಾಗಿರಬಹುದು, ಅಥವಾ ಶಾಲೆ, ಸ್ಮಶಾನಭೂಮಿ, ಕಾಲುದಾರಿ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಅದನ್ನು ಮೊದಲು ಯಾರು ತೋಡಿದರು, ಯಾರು ಕಟ್ಟಿದರು ಎಂದು ನಿಮ್ಮಲ್ಲಿರುವ ವೃದ್ಧರನ್ನು ಅವರು ಬದುಕಿರುವಾಗಲೇ ಕೇಳಿರಿ. ಕೇಳಿದ್ದನ್ನು ಸಭೆಯ ಪುಸ್ತಕದಲ್ಲಿ ಬರೆದಿಡಿರಿ. ತಿಳಿದ ಮೇಲೆ ದೇವರಿಗೂ ಆ ಮನುಷ್ಯರಿಗೂ ಉಪಕಾರಸ್ಮರಣೆ ಮಾಡಿರಿ. ನಿಮ್ಮ ನೆರೆಯ ಕಥೋಲಿಕನ ಬೋಧನೆಯಲ್ಲಿ ನೀವು ಒಪ್ಪದಿರುವುದನ್ನು ಪ್ರೀತಿಯಿಂದ ಹೇಳಬಹುದು. ಆದರೆ ಆತನ ಕೊಡವನ್ನು ಬರಿದಾಗಿ ಕಳುಹಿಸಬೇಡಿರಿ. ಹಿಟ್ಟು ಬೀಸುವದಕ್ಕೆಂದು ತೋಡಿಸಿದ ಕಾಲುವೆಯನ್ನು ದೇವರು ತನ್ನ ವಾಕ್ಯಕ್ಕೆ ಉಪಯೋಗಿಸಿಕೊಂಡನು. ನೀವು ಇಂದು ಬಾಯಾರಿದವನಿಗೆ ಸೇದಿ ಕೊಡುವ ಒಂದು ಕೊಡ ನೀರನ್ನು ಆತನು ಮುಂದೆ ಯಾವುದಕ್ಕೆ ಉಪಯೋಗಿಸುವನೋ ನಿಮಗೆ ತಿಳಿಯದು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ತೋಡದ ಬಾವಿಗಳಿಂದ ಕುಡಿದು, ನಾವು ಬಿತ್ತದ ಹೊಲಗಳಿಂದ ಉಂಡು, ಕೊಟ್ಟವರನ್ನು ಮರೆತಿದ್ದೇವೆ, ನಮ್ಮನ್ನು ಕ್ಷಮಿಸು. ನಮ್ಮ ಹಿಂದೆ ಪ್ರಯಾಸಪಟ್ಟವರಿಗಾಗಿ, ಅವರು ಯಾವ ಸಭೆಯವರಾದರೂ, ನಿನ್ನನ್ನು ಸ್ತುತಿಸುತ್ತೇವೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಚದರಿರುವ ನಿನ್ನ ಚಿಕ್ಕ ಸಭೆಗಳನ್ನು ನೆನಸು. ಅವುಗಳ ಬಾಗಲುಗಳೂ ಬಾವಿಗಳೂ ತೆರೆದಿರಲಿ. ಸುಖರಿನ ಬಾವಿಯ ಬಳಿಯಲ್ಲಿ ನೀರು ಕೇಳಿದ ನಿನ್ನ ಕುಮಾರನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.